ಹಂಪಿಯಿಂದ ಬಂದ ಮೂವರು ಅಣ್ಣತಮ್ಮಂದಿರು: ಮನೆತನದ ಮೂಲವನ್ನು ಎಲ್ಲಿಂದ ಹುಡುಕಬೇಕು?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನ ಒಂದು ಹಳ್ಳಿಯ ಗೌಡರ ಮನೆತನ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ರಕ್ಕಸತಂಗಡಿ ಯುದ್ಧದ ನಂತರ ಹಂಪಿಯಿಂದ ಮೂವರು ಅಣ್ಣತಮ್ಮಂದಿರು ಹೊರಟರು, ಒಬ್ಬ ಆನೆಗೊಂದಿಯಲ್ಲೇ ಉಳಿದ, ಒಬ್ಬ ಕೃಷ್ಣೆ ದಾಟಿ ಹೋದ, ಮೂರನೆಯವನೇ ನಮ್ಮ ಮೂಲಪುರುಷ ಎಂದು ಅಜ್ಜ ಹೇಳುತ್ತಿದ್ದರು. ಈಗ ಕಾಕಾನ ಮಗ ಮನೆತನದ ಪುಸ್ತಕ ಮಾಡಿಸುತ್ತಿದ್ದಾನೆ. ಅದರಲ್ಲಿ ಮೂಲಪುರುಷ ವಿಜಯನಗರದ ಸೇನಾಪತಿ ಆಗಿದ್ದ ಎಂದು ಬರೆದಿದ್ದಾನೆ. ಒಂದು ವೆಬ್‌ಸೈಟಿಗೆ ದುಡ್ಡು ಕೊಟ್ಟು ಮನೆತನದ ಲಾಂಛನವನ್ನೂ ತರಿಸಿದ್ದಾನೆ. ನಮ್ಮ ಹತ್ತಿರ ಇರುವುದು ಏಳು ತಲೆಮಾರಿನ ಹೆಸರು ಮತ್ತು ಒಂದು ಟ್ರಂಕಿನಲ್ಲಿ ಯಾರಿಗೂ ಓದಲು ಬಾರದ ಮೋಡಿ (ಮರಾಠಿಯ ಹಳೆಯ ಕೂಡುಬರಹದ ಲಿಪಿ) ಕಾಗದಗಳು. ನಾನು ಚಿಕ್ಕವಳಿದ್ದಾಗ ಮನೆತನದ ವಂಶಾವಳಿ ಹೇಳುವ ಹೆಳವರು ಬರುತ್ತಿದ್ದರು, ಈಗ ಬರುತ್ತಿಲ್ಲ. ಇನ್ನೊಂದು ಮಾತಿದೆ. ಅಜ್ಜನ ಅಜ್ಜನನ್ನು ದತ್ತಕ ತಂದದ್ದು ಎಂದು ಸೋದರತ್ತೆ ಹೇಳುತ್ತಾರೆ. ಅದನ್ನು ಪುಸ್ತಕದಲ್ಲಿ ಹಾಕುವುದು ಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ದತ್ತಕ ನಿಜವಾದರೆ ನಾವು ಈ ಮನೆತನದವರೇ ಅಲ್ಲವೇ? ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಅಜ್ಜ ಹೇಳಿದ ಕಥೆ ಸುಳ್ಳಾಗಿಬಿಟ್ಟರೆ ಎನ್ನುವುದು ಒಂದು. ಅತ್ತೆ ಹೇಳಿದ ಮಾತು ನಿಜವಾಗಿಬಿಟ್ಟರೆ ಎನ್ನುವುದು ಇನ್ನೊಂದು. ಮೂವತ್ತು ವರ್ಷದಿಂದ ಧಾರವಾಡ ಸೀಮೆಯ ಹಳೆಯ ಕಾಗದ ಓದುತ್ತ, ನಿಮ್ಮಂಥ ಎಷ್ಟೋ ಮನೆಗಳ ಟ್ರಂಕು ತೆಗೆಸುತ್ತ ಬಂದಿದ್ದೇನೆ. ನನ್ನ ಅನುಭವದಲ್ಲಿ ಈ ಎರಡರಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ದತ್ತಕದ ಸುದ್ದಿ. ಬಿಟ್ಟುಬಿಡು ಎಂದು ಮನೆಯವರು ಹೇಳುತ್ತಿರುವುದೂ ಅದನ್ನೇ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ತಲೆಮಾರಿಗೆ ಸುಮಾರು 25ರಿಂದ 30 ವರ್ಷ ಎಂದು ಹಿಡಿಯುತ್ತೇವೆ. ನಿಮ್ಮ ಹತ್ತಿರ ಇರುವ ಏಳು ಹೆಸರುಗಳು ಇನ್ನೂರು ವರ್ಷದ ಆಸುಪಾಸಿಗೆ ಹೋಗಿ ನಿಲ್ಲುತ್ತವೆ. ರಕ್ಕಸತಂಗಡಿಯ ಯುದ್ಧ ಆದದ್ದು 1565ರ ಜನವರಿಯಲ್ಲಿ. ಅಲ್ಲಿಂದ ಇಲ್ಲಿಗೆ 460 ವರ್ಷ, ಅಂದರೆ ಹದಿನಾರೋ ಹದಿನೆಂಟೋ ತಲೆಮಾರು. ನಡುವೆ ಒಂಬತ್ತು ಹತ್ತು ತಲೆಮಾರಿನ ಹೆಸರೇ ಇಲ್ಲ. ಏಳನೆಯ ಹೆಸರಿನ ಮೇಲೆ ನೇರವಾಗಿ ಸೇನಾಪತಿಯನ್ನು ಕೂರಿಸಿದರೆ ಎರಡೂವರೆ ನೂರು ವರ್ಷವನ್ನು ಒಂದೇ ಗೆರೆಯಲ್ಲಿ ದಾಟಿದ ಹಾಗಾಗುತ್ತದೆ.

ಪಟ್ಟಿ ಇನ್ನೂರು ವರ್ಷಕ್ಕೇ ಏಕೆ ನಿಲ್ಲುತ್ತದೆ? ಈ ಭಾಗದ ಬಹಳಷ್ಟು ವತನದ (ವಂಶಪಾರಂಪರ್ಯವಾಗಿ ಊರಿನ ಹುದ್ದೆ, ಅದರ ಜಮೀನು ಇದ್ದ) ಮನೆಗಳಲ್ಲಿ ಹೀಗೇ ಆಗುತ್ತದೆ, ಅದಕ್ಕೆ ಕಾರಣವೂ ಇದೆ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಬಂತು. ನಿನಗೆ ಈ ಗೌಡಕಿ ಹೇಗೆ ಬಂತು, ಈ ಇನಾಮು ಯಾರು ಕೊಟ್ಟರು, ನಿನ್ನ ಅಪ್ಪ ಯಾರು, ಅವನ ಅಪ್ಪ ಯಾರು ಎಂದು ಹೊಸ ಸರ್ಕಾರ ಕೇಳತೊಡಗಿತು. 1850ರ ದಶಕದಲ್ಲಿ ಇನಾಮುಗಳ ಹಕ್ಕು ಪರೀಕ್ಷಿಸುವ ಇನಾಂ ಕಮಿಷನ್ ಬಂದಾಗ ಈ ವಿಚಾರಣೆ ಇನ್ನಷ್ಟು ಬಿಗಿಯಾಯಿತು. ಜನ ಕಚೇರಿಗೆ ಹೋಗಿ ವಂಶಾವಳಿ ಬರೆಸಿಕೊಟ್ಟರು. ಇವತ್ತು ಬಾಯಿಪಾಠವಾಗಿ ಉಳಿದಿರುವ ಎಷ್ಟೋ ಪಟ್ಟಿಗಳ ಬೇರು ಇರುವುದು ಆ ಕಾಗದದಲ್ಲಿ. ನಿಮ್ಮ ಏಳನೆಯ ಹೆಸರಿನವನು ಮೂಲಪುರುಷ ಆಗಿರಬೇಕೆಂದಿಲ್ಲ. ಸರ್ಕಾರ ಕೇಳಿದಾಗ ಮನೆಯವರಿಗೆ ನೆನಪಿದ್ದ ಅತಿ ಹಳೆಯ ಹೆಸರು ಅದಾಗಿರಬಹುದು.

ಹಾಗಾದರೆ ಅಜ್ಜ ಹೇಳಿದ್ದು ಸುಳ್ಳೇ? ಹಾಗೆ ನಾನು ಹೇಳುವುದಿಲ್ಲ. 1565ರ ನಂತರ ಹಂಪಿ ಬಿಟ್ಟು ಜನ ಚದುರಿದ್ದು ನಿಜ. ಅವರಲ್ಲಿ ಕೆಲವರು ಉತ್ತರಕ್ಕೂ ಬಂದಿರಬಹುದು. ಆದರೆ ಊರು ಬಿಡಲು ಯುದ್ಧ ಒಂದೇ ಕಾರಣ ಅಲ್ಲ. ನಮ್ಮ ಕಡೆ ಜನರನ್ನು ಯುದ್ಧಕ್ಕಿಂತ ಜಾಸ್ತಿ ಊರು ಬಿಡಿಸಿದ್ದು ಬರಗಾಲ. 1791-92ರ ಡೋಗಿ ಬರದಲ್ಲಿ ಊರಿಗೆ ಊರೇ ಖಾಲಿಯಾದವು. 1876ರಿಂದ 78ರವರೆಗಿನ ದೊಡ್ಡ ಬರದಲ್ಲೂ ಹಾಗೇ ಆಯಿತು. ಪಾಳುಬಿದ್ದ ಊರಿಗೆ ಹೊಸಬರನ್ನು ಕರೆತಂದು, ಕೆಲವು ವರ್ಷ ಕಂದಾಯ ಕಡಿಮೆ ಮಾಡಿ, ಹೊಲ ಕೊಟ್ಟು ಕೂರಿಸುವುದು ಎಲ್ಲ ಸರ್ಕಾರಗಳೂ ಮಾಡಿದ ಕೆಲಸ. ಹಾಗೆ ಬಂದವರೇ ಮುಂದೆ ಗೌಡರಾದ ಉದಾಹರಣೆಗಳಿವೆ. "ಹೊಟ್ಟೆಗಿಲ್ಲದೆ ಬಂದೆವು" ಎಂದು ಯಾವ ಅಜ್ಜನೂ ಮೊಮ್ಮಕ್ಕಳಿಗೆ ಹೇಳುವುದಿಲ್ಲ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಬರ ಮರೆತು ಯುದ್ಧ ನೆನಪಿನಲ್ಲಿ ಉಳಿಯುತ್ತದೆ. ಬರಗಾಲದಲ್ಲಿ ಮಕ್ಕಳನ್ನು ಹೊತ್ತುಕೊಂಡು ನಡೆದು ಬಂದು, ಎರೆಹೊಲದಲ್ಲಿ ಮತ್ತೆ ಬೇರು ಬಿಟ್ಟವರ ಕಥೆ ನನಗಂತೂ ಸೇನಾಪತಿಯ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

"ಮೂವರು ಅಣ್ಣತಮ್ಮಂದಿರು" ಎನ್ನುವ ಮಾತನ್ನೂ ಸ್ವಲ್ಪ ನೋಡೋಣ. ನಾನು ಹೋದ ಮನೆಗಳಲ್ಲಿ ಅರ್ಧಕ್ಕರ್ಧ ಈ ಕಥೆ ಕೇಳಿದ್ದೇನೆ. ಎಲ್ಲೋ ಒಂದೆರಡು ಕಡೆ ಐವರು, ಉಳಿದಂತೆ ಮೂವರೇ. ಇದನ್ನು ನಾನು ಇತಿಹಾಸ ಎಂದು ತೆಗೆದುಕೊಳ್ಳುವುದಿಲ್ಲ, ಹಾಗಂತ ಕಸದ ಬುಟ್ಟಿಗೂ ಹಾಕುವುದಿಲ್ಲ. ಬೇರೆ ಬೇರೆ ಊರುಗಳ ಮೂರು ಮನೆಗಳು ತಮ್ಮತಮ್ಮಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ, ಅಣ್ಣತಮ್ಮಕಿ ಎಂದು ನಡೆಯುತ್ತಾರೆ ಎಂದುಕೊಳ್ಳಿ. ಅದಕ್ಕೆ ಕಾರಣ ಹೇಳಲು ಹುಟ್ಟಿದ ಕಥೆ ಇದು. ಹಾಗಾಗಿ ಕಥೆಯ ಒಳಗೆ ಪರೀಕ್ಷೆ ಮಾಡಬಹುದಾದ ಒಂದು ಕಾಳು ಇದೆ. ಕೃಷ್ಣೆ ದಾಟಿ ಹೋದವನ ಮನೆ ಯಾವ ಊರಿನಲ್ಲಿದೆ ಎಂದು ಯಾರಿಗಾದರೂ ಗೊತ್ತೇ? ಗೊತ್ತಿದ್ದರೆ ಅಲ್ಲಿಗೆ ಹೋಗಿ. ಅವರ ಬೆಡಗು (ಕುಲದ ಒಳಗಿನ ಪಂಗಡ) ಯಾವುದು, ಮನೆದೇವರು ಯಾರು, ನಿಮ್ಮ ಮನೆಯ ಸೂತಕ ಅವರು ಹಿಡಿಯುತ್ತಿದ್ದರೇ ಎಂದು ಕೇಳಿ. ಮೂರೂ ಕೂಡಿಬಂದರೆ ಸಂಬಂಧ ಇದೆ ಎಂದೇ ಅರ್ಥ. ಹೊರಟದ್ದು ಹಂಪಿಯಿಂದಲೋ ಬೇರೆಲ್ಲಿಂದಲೋ ಆಮೇಲೆ ನೋಡೋಣ.

ಮನೆದೇವರ ಮಾತು ಬಂತು. ಮೂಲ ಹುಡುಕುವವರಿಗೆ ಇದು ಒಳ್ಳೆಯ ಸುಳಿವು. ಇಲ್ಲಿಯ ಮನೆಗೆ ಗೊಡಚಿಯ ವೀರಭದ್ರನೋ ತುಳಜಾಪುರದ ಅಂಬಾಭವಾನಿಯೋ ಮನೆದೇವರಾಗಿದ್ದರೆ, ಹಿಂದೊಮ್ಮೆ ಆ ಕಡೆಯ ನಂಟು ಇತ್ತು ಎಂದು ಊಹಿಸಬಹುದು. ಊಹೆ ಎಂದೇ ಹೇಳುತ್ತೇನೆ. ಗುರುಮಠ ಬದಲಾದಾಗ, ಹರಕೆ ಹೊತ್ತಾಗ, ಬೀಗರ ಮನೆಯಿಂದ ದೇವರು ಬಂದಾಗಲೂ ಮನೆದೇವರು ಸೇರಿಕೊಳ್ಳುವುದುಂಟು.

ಅಡ್ಡಹೆಸರನ್ನು ನಂಬುವಾಗ ಇನ್ನೂ ಹುಷಾರಾಗಿರಬೇಕು. ಗೌಡ, ಪಾಟೀಲ, ದೇಸಾಯಿ, ಕುಲಕರ್ಣಿ ಇವೆಲ್ಲ ಹುದ್ದೆಯ ಹೆಸರುಗಳು, ವಂಶದ ಹೆಸರುಗಳಲ್ಲ. ಒಂದು ಮನೆ ನಿರ್ವಂಶವಾದರೆ, ಕಂದಾಯ ಬಾಕಿ ಉಳಿಸಿಕೊಂಡರೆ, ಸರ್ಕಾರದ ಸಿಟ್ಟಿಗೆ ಸಿಕ್ಕರೆ ಗೌಡಕಿ ಇನ್ನೊಂದು ಮನೆಗೆ ಹೋಗುತ್ತಿತ್ತು. ನಿಮ್ಮ ತಾಲ್ಲೂಕಿನಲ್ಲಿ ಚಾಲುಕ್ಯರ ಕಾಲದ ಶಾಸನಗಳು ಬೇಕಾದಷ್ಟಿವೆ. ಸೂಡಿ ಒಂದರಲ್ಲೇ ಎಷ್ಟಿವೆ ನೋಡಿ. ಅವುಗಳಲ್ಲಿ ಗಾವುಂಡರ, ಅಂದರೆ ಆಗಿನ ಊರಗೌಡರ ಹೆಸರು ಬರುತ್ತವೆ. ನಿಮ್ಮ ಊರಿನ ಶಾಸನದಲ್ಲಿ ಗಾವುಂಡನೊಬ್ಬನ ಹೆಸರು ಸಿಕ್ಕರೆ ಕಾಕಾನ ಮಗ ಕುಣಿದಾಡಬಹುದು. ಊರಿನ ಇತಿಹಾಸಕ್ಕೆ ಅದು ಚಿನ್ನದಂಥ ಮಾಹಿತಿ. ಆದರೆ ಒಂಬೈನೂರು ವರ್ಷದ ಹಿಂದಿನ ಗಾವುಂಡನೂ ನಿಮ್ಮ ಏಳನೆಯ ಅಜ್ಜನೂ ಒಂದೇ ಮನೆಯವರು ಎನ್ನಲು ಅಷ್ಟೇ ಸಾಲದು. ಇನ್ನು ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ ಮನೆಗಳಿಗೆ ಮಾತ್ರ ಒಂದು ಅನುಕೂಲ ಇದೆ. ಬಾದಾಮಿಯವರು ಎಂಬ ಹೆಸರು ಬಾದಾಮಿಯಲ್ಲಿ ಹುಟ್ಟುವುದಿಲ್ಲ, ಬಾದಾಮಿ ಬಿಟ್ಟು ಇನ್ನೊಂದು ಊರಿಗೆ ಹೋದ ಮೇಲೆ ಅಲ್ಲಿಯ ಜನ ಕೊಡುತ್ತಾರೆ. ನಿಮ್ಮ ಮನೆಗೆ ಅಂಥ ಹಳೆಯ ಹೆಸರೇನಾದರೂ ಇತ್ತೇ ಎಂದು ಊರಿನ ಹಿರಿಯರನ್ನು ವಿಚಾರಿಸಿ. ಗೌಡರ ಎನ್ನುವುದು ಎಷ್ಟೋ ಸಲ ಅದರ ಮೇಲೆ ಬಂದು ಕೂತಿರುತ್ತದೆ.

ಸೇನಾಪತಿ ಎಲ್ಲಿಂದ ಬಂದ ಎನ್ನುವುದಕ್ಕೆ ನನ್ನ ಒಂದು ಅಂದಾಜಿದೆ. 20ನೇ ಶತಮಾನದ ಶುರುವಿನಲ್ಲಿ, ಜನಗಣತಿಯಲ್ಲಿ ಜಾತಿ ಬರೆಸುವ ಕಾಲಕ್ಕೆ, ಬೇರೆ ಬೇರೆ ಸಮುದಾಯದವರು ತಮ್ಮ ಕುಲದ ಹಿರಿಮೆ ಹೇಳುವ ಚಿಕ್ಕ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಅದರ ಕಥೆಗಳು ಭಾಷಣಗಳಲ್ಲಿ ಬಂದವು, ಮನೆಮನೆಗೆ ಹೋದವು. ಅಜ್ಜ ತಾನು ಚಿಕ್ಕವನಿದ್ದಾಗ ಕೇಳಿದ್ದನ್ನೇ ನಿಮಗೆ ಹೇಳಿರುತ್ತಾರೆ. ಅದು ಎಷ್ಟು ಹಳೆಯದು ಎಂದು ಅವರಿಗೂ ಗೊತ್ತಿರುವುದಿಲ್ಲ. ಮೂಲವನ್ನು ದೊಡ್ಡದು ಮಾಡುವ ಆಸೆಯೇನೂ ಹೊಸದಲ್ಲ. ನಿಮ್ಮ ಪಕ್ಕದ ಸೂಡಿಯಲ್ಲೇ ಸಿಕ್ಕ ತಾಮ್ರಪಟವೊಂದು ಗಂಗರ ಬೂತುಗ 938ರಲ್ಲಿ ಕೊಟ್ಟದ್ದು ಎಂದು ಹೇಳಿಕೊಳ್ಳುತ್ತದೆ. ಶಾಸನತಜ್ಞ ಫ್ಲೀಟ್ ಅದನ್ನು ಓದಿ, ಇದು ಆಮೇಲೆ ಮಾಡಿದ ನಕಲಿ ಎಂದು ಬರೆದರು. ಕಾಗದ ಹಳೆಯದು, ಲೋಹ ಹಳೆಯದು ಎಂದ ಮಾತ್ರಕ್ಕೆ ಅದರಲ್ಲಿ ಇರುವುದೆಲ್ಲ ನಿಜ ಆಗುವುದಿಲ್ಲ ಎಂದು ಹೇಳಲು ಈ ಉದಾಹರಣೆ ಕೊಟ್ಟೆ.

ಲಾಂಛನಕ್ಕೆ ಕೊಟ್ಟ ದುಡ್ಡು ಹೋಯಿತು ಎಂದು ಬಿಟ್ಟುಬಿಡಿ. ಮನೆತನಕ್ಕೊಂದು ಲಾಂಛನ ಎನ್ನುವುದು ಯುರೋಪಿನ ಪದ್ಧತಿ. ಆದರೆ ನಿಮ್ಮ ಮನೆಗೆ ಒಂದು ನಿಜವಾದ ಗುರುತು ಇರುವ ಸಾಧ್ಯತೆ ಇದೆ, ಅದು ನಿಮ್ಮ ಟ್ರಂಕಿನಲ್ಲೇ ಇರಬಹುದು. ಮರಾಠರ ಕಾಲದ ಕಾಗದಗಳಲ್ಲಿ ಊರಗೌಡರು ಸಹಿಯ ಬದಲು ನೇಗಿಲಿನ ಚಿತ್ರ ಬರೆಯುತ್ತಿದ್ದರು. ನಾಂಗರ ನಿಶಾನಿ ಎನ್ನುತ್ತಾರೆ. ಕಾಗದದ ಕೆಳಗೆ ಹೆಸರಿನ ಪಕ್ಕ ನಾಲ್ಕು ಗೆರೆಯಲ್ಲಿ ಎಳೆದ ಸಣ್ಣ ನೇಗಿಲು ಕಾಣುತ್ತದೆಯೇ ನೋಡಿ. ಕಂಡರೆ ನಿಮ್ಮ ಹಿರಿಯರೊಬ್ಬರು ಆ ಹೊತ್ತು ಅಲ್ಲಿ ಕೂತು ಆ ಊರಿನ ಗೌಡರಾಗಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು ಎಂದರ್ಥ. ಪುಸ್ತಕದ ಮುಖಪುಟಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ನನಗೆ ತೋಚುವುದಿಲ್ಲ.

ಟ್ರಂಕಿನ ವಿಷಯದಲ್ಲಿ ಕೆಲವು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಾಗದಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ. ಎರಡೂ ಕಾಗದವನ್ನು ಕೊಲ್ಲುತ್ತವೆ. ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ. ಯಾವ ಕಟ್ಟಿನಲ್ಲಿ ಯಾವುದರ ಪಕ್ಕ ಯಾವುದಿತ್ತು ಎನ್ನುವುದನ್ನು ಕದಡಬೇಡಿ, ಆ ಜೋಡಣೆಯೂ ಒಂದು ಸಾಕ್ಷಿ. ನೆರಳಿನ ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದು ಕ್ರಮವಾಗಿ ನಂಬರ್ ಕೊಡಿ. ಓದಿಸಲು ಕೊಡುವುದು ಫೋಟೊ ಮಾತ್ರ, ಮೂಲ ಕಾಗದ ಅಲ್ಲ. ಓದಿಕೊಡುತ್ತೇನೆಂದು ಒಂದು ಕಟ್ಟು ಒಯ್ದವರು ತಿರುಗಿ ಬರಲೇ ಇಲ್ಲ ಎಂದು ಮುದುಕರೊಬ್ಬರು ನನ್ನ ಮುಂದೆ ಕಣ್ಣೀರು ಹಾಕಿದ್ದರು. ಅದರಲ್ಲಿ ಏನಿತ್ತು ಎಂದು ಹೇಳಲು ಅವರಿಗೆ ಗೊತ್ತಿರಲಿಲ್ಲ, ಒಮ್ಮೆಯೂ ಓದಿಸಿರಲಿಲ್ಲ.

ಮೋಡಿ ಬಾರದಿದ್ದರೂ ನೀವೇ ಒಂದಿಷ್ಟು ಕೆಲಸ ಮಾಡಬಹುದು. ಮೋಡಿಯ ಅಂಕಿಗಳು ಹೆಚ್ಚುಕಡಿಮೆ ದೇವನಾಗರಿ ಅಂಕಿಗಳೇ. ಇಸವಿ ಹುಡುಕಿ ಕಾಗದಗಳನ್ನು ವಿಂಗಡಿಸಿಕೊಳ್ಳಿ. ಶಕ ಎಂದಿದ್ದರೆ 78 ಕೂಡಿಸಿ. ಫಸಲಿ ಎಂದಿದ್ದರೆ 590 ಕೂಡಿಸಿ. ಮರಾಠಿ ಆಡಳಿತದ ಕಾಗದಗಳಲ್ಲಿ ಸುಹೂರ್ ಸನ್ ಎಂಬ ಇನ್ನೊಂದು ಲೆಕ್ಕ ಬರುತ್ತದೆ. ಅದಕ್ಕೆ 599 ಅಥವಾ 600 ಕೂಡಿಸಬೇಕು. ಅದನ್ನು ಅಂಕಿಯ ಬದಲು ಅರಬಿ ಮಾತಿನಲ್ಲಿ ಬರೆಯುತ್ತಿದ್ದರು. ಅಲಫ ಎಂದರೆ ಸಾವಿರ, ಮಯಾತೈನ ಎಂದರೆ ಇನ್ನೂರು. ಕನ್ನಡ ಕಾಗದದಲ್ಲಿ ಬರೀ ಸಂವತ್ಸರದ ಹೆಸರಿದ್ದರೆ ಅವಸರ ಮಾಡಬೇಡಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಧಾತು ಸಂವತ್ಸರ 1816ರಲ್ಲೂ ಬಂತು, 1876ರಲ್ಲೂ ಬಂತು, 1936ರಲ್ಲೂ ಬಂತು. ಒಂದು ಸುತ್ತು ತಪ್ಪಿದರೆ ಅಜ್ಜ ಮೊಮ್ಮಗ ಅದಲುಬದಲಾಗುತ್ತಾರೆ.

ಅಜ್ಜ ಮೊಮ್ಮಗ ಎಂದಾಗ ನೆನಪಾಯಿತು. ಪಟ್ಟಿಗಳಲ್ಲಿ ನಾನು ಜಾಸ್ತಿ ಕಂಡ ತಪ್ಪು ಇದೇ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಬಸನಗೌಡ, ಅವನ ಮಗ ನಿಂಗನಗೌಡ, ಅವನ ಮಗ ಮತ್ತೆ ಬಸನಗೌಡ, ಅವನ ಮಗ ಮತ್ತೆ ನಿಂಗನಗೌಡ. ನಾಲ್ಕು ಜನ ಇಬ್ಬರಾಗಿ ಕೂಡಿಹೋಗುವುದೂ ಉಂಟು, ಇಬ್ಬರು ನಾಲ್ವರಾಗಿ ಬೆಳೆಯುವುದೂ ಉಂಟು. ಪ್ರತಿ ಹೆಸರಿಗೂ ಅಪ್ಪನ ಹೆಸರು, ಹೆಂಡತಿಯ ಹೆಸರು, ಅವಳ ತವರೂರು ಮತ್ತು ಒಂದಾದರೂ ಇಸವಿ ಜೋಡಿಸಲು ನೋಡಿ. ಹೆಂಡತಿಯ ತವರೂರು ಗೊತ್ತಾದರೆ ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ನಿಲ್ಲುತ್ತಾರೆ. ಸೊಸೆಯಂದಿರ, ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ಅರ್ಧ ಕುರುಡು. ಕಾಕಾನ ಮಗನ ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯೇ? ಕೇಳಿ ನೋಡಿ.

ಇನ್ನು ಸರ್ಕಾರಿ ದಾಖಲೆಗಳು. ಇವತ್ತಿನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮೊದಲು ಮನೆಯ ಹೊಲಗಳ ಸರ್ವೆ ನಂಬರ್ ಬರೆದುಕೊಳ್ಳಿ. ಕಂಪ್ಯೂಟರ್ ಉತಾರ (ಪಹಣಿ) ಇರುವುದು 2000ದ ಆಚೀಚಿನಿಂದ ಮಾತ್ರ. ಅದರ ಹಿಂದಿನ ಕೈಬರಹದ ಪಹಣಿ, ವಾರಸಾ ಆದಾಗ ಹೆಸರು ಏರಿಸಿದ ಡೈರಿ, ಇವು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ಅರ್ಜಿ ಕೊಟ್ಟು ನಕಲು ಪಡೆಯಬಹುದು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಎಂಬ ಕೆಲಸವೂ ನಡೆದಿದೆ, ನಿಮ್ಮ ತಾಲ್ಲೂಕಿನದು ಎಲ್ಲಿಯವರೆಗೆ ಬಂದಿದೆ ವಿಚಾರಿಸಿ. ಇಷ್ಟರಲ್ಲೇ ನೀವು 20ನೇ ಶತಮಾನದ ಶುರುವಿಗೆ ಹೋಗಿ ನಿಲ್ಲಬಹುದು. ಹಳೆಯ ಕನ್ನಡ ಶಾಲೆಯ ದಾಖಲಾತಿ ಪುಸ್ತಕವನ್ನೂ ಮರೆಯಬೇಡಿ. ಅಜ್ಜಂದಿರ ಹುಟ್ಟಿದ ದಿನ, ಅವರ ಅಪ್ಪನ ಕಸುಬು ಅಲ್ಲಿ ಸಿಗುತ್ತದೆ.

ವತನದ ಮನೆಯವರಾದ್ದರಿಂದ ನಿಮಗೆ ಇನ್ನೂ ಎರಡು ದಾರಿ ಇವೆ. 1961ರ ಕಾಯ್ದೆಯಿಂದ ಗ್ರಾಮದ ವಂಶಪಾರಂಪರ್ಯ ಹುದ್ದೆಗಳು ರದ್ದಾದವು, 1963ರಲ್ಲಿ ಅದು ಜಾರಿಗೆ ಬಂತು. ಆಮೇಲೆ ವತನದ ಜಮೀನನ್ನು ಮರಳಿ ಮಂಜೂರು ಮಾಡಿಸಿಕೊಳ್ಳಲು ಮನೆಗಳು ಅರ್ಜಿ ಹಾಕಿದವು. ಆ ಕಡತಗಳಲ್ಲಿ ವಂಶಾವಳಿ ಇರುತ್ತದೆ, ಪಾಲುದಾರರ ತಕರಾರು ಇದ್ದರಂತೂ ಇನ್ನೂ ವಿವರವಾಗಿ ಇರುತ್ತದೆ. ಎರಡನೆಯದು, 1874ರ ಮುಂಬೈ ವತನ ಕಾಯ್ದೆಯ ಕಾಲದ ರಜಿಸ್ಟರುಗಳು ಮತ್ತು ಅದಕ್ಕೂ ಹಿಂದಿನ ಇನಾಂ ವಿಚಾರಣೆಯ ಕಾಗದಗಳು. ಇಲ್ಲಿ ಒಂದು ಮಾತು ನೆನಪಿಡಿ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನದನ್ನು ಧಾರವಾಡ ಜಿಲ್ಲೆಯ ಹೆಸರಿನಲ್ಲಿ ಹುಡುಕಬೇಕು. 1956ಕ್ಕೆ ಮುಂಚೆ ಧಾರವಾಡ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಧಾರವಾಡದಲ್ಲೂ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ಸಿಗದ್ದು ಮುಂಬೈ, ಪುಣೆಯ ಪತ್ರಾಗಾರಗಳಲ್ಲಿ ಸಿಗಬಹುದು. ಪುಣೆಯ ಪೇಶ್ವೆ ದಫ್ತರದಲ್ಲಿ ಮೋಡಿ ಕಾಗದಗಳ ರಾಶಿಯೇ ಇದೆ. ಆದರೆ ಸರ್ವೆ ನಂಬರ್, ಇಸವಿ, ಪರಗಣೆಯ (ಆಗಿನ ಕಂದಾಯ ವಿಭಾಗದ) ಹೆಸರು ಕೈಯಲ್ಲಿ ಇಲ್ಲದೆ ಅಲ್ಲಿಗೆ ಹೋಗಬೇಡಿ. ಸುಮ್ನೆ ಹೋದವರು ಎರಡು ದಿನದಲ್ಲಿ ಸೋತು ಬರುತ್ತಾರೆ.

ಹೆಳವರನ್ನು ಹುಡುಕುವ ಕೆಲಸ ನೀವು ಮಾಡಲೇಬೇಕು. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಹಿರಿಯರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹಾಡಿದ ಹಾಗೆ ಹೇಳುತ್ತಿದ್ದುದು ನಿಮಗೂ ನೆನಪಿರಬೇಕು. ಅವರಿಗೆ ಹಂಚಿಕೊಂಡ ಊರುಗಳಿವೆ, ಹಂಚಿಕೊಂಡ ಮನೆಗಳಿವೆ. ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಿಲ್ಲ. ಹಾಗಾಗಿ ನಿಮ್ಮ ಮನೆಯ ಹೊತ್ತಿಗೆ ಯಾರದೋ ಒಂದು ನಿರ್ದಿಷ್ಟ ಮನೆಯಲ್ಲಿ ಇರಬೇಕು. ಊರಿನಲ್ಲಿ ಯಾರ ಮನೆಗೆ ಈಗಲೂ ಹೆಳವರು ಬರುತ್ತಾರೆ ಎಂದು ಕೇಳಿ, ಅವರ ಮೂಲಕ ಹೋಗಿ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ನಮ್ಮಂಥವರು ಊರು ಬಿಟ್ಟು, ಬಾಗಿಲಿಗೆ ಬೀಗ ಹಾಕಿದ್ದರಿಂದಲೇ ಅವರ ಬರುವಿಕೆಯೂ ನಿಂತಿದೆ. ಹೋದಾಗ ಬರಿಗೈಯಲ್ಲಿ ಹೋಗಬೇಡಿ. ಕಾಳು, ಬಟ್ಟೆ, ದಕ್ಷಿಣೆ ಕೊಡುವುದು ಪದ್ಧತಿ, ಅದು ಅವರ ಕಸುಬಿನ ಸಂಬಳ. ಹೊತ್ತಿಗೆಯ ಫೋಟೊ ಕೇಳುವ ಮೊದಲು ಅವರ ಒಪ್ಪಿಗೆ ಕೇಳಿ, ಇಲ್ಲ ಎಂದರೆ ಒತ್ತಾಯ ಬೇಡ. ಹೇಳುವುದನ್ನು ಧ್ವನಿಮುದ್ರಣ ಮಾಡಿಕೊಳ್ಳಲು ಬಹಳ ಸಲ ಒಪ್ಪುತ್ತಾರೆ. ಅವರು ಹೇಳಿದ್ದರಲ್ಲಿ ಈಚಿನ ನಾಲ್ಕೈದು ತಲೆಮಾರು, ಅಣ್ಣತಮ್ಮಂದಿರ ಕವಲುಗಳು, ಯಾರು ಯಾವ ಊರಿಗೆ ಹೋದರು ಎಂಬುದು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಅದಕ್ಕೂ ಹಿಂದಿನದು ಹೊಗಳಿಕೆಯ ಭಾಗ. ಎಲ್ಲ ಮನೆಗಳಿಗೂ ಒಂದೇ ಬಗೆಯ ವೀರರು, ಒಂದೇ ಬಗೆಯ ದಾನ. ಎರಡನ್ನೂ ಬರೆದುಕೊಳ್ಳಿ, ಬೇರೆ ಬೇರೆ ಹಾಳೆಯಲ್ಲಿ.

ಈಗ ದತ್ತಕ. ನಿಮ್ಮ ಅಜ್ಜನ ಅಜ್ಜ ಎಂದರೆ ಸುಮಾರಾಗಿ 1860, 70ರ ದಶಕದಲ್ಲಿ ಹುಟ್ಟಿದವರು ಎಂದು ಲೆಕ್ಕ ಸಿಗುತ್ತದೆ. ದೊಡ್ಡ ಬರದ ಕಾಲ ಅದು. ಮನೆಯ ಗಂಡುಮಕ್ಕಳು ತೀರಿಕೊಂಡು, ವತನ ಉಳಿಸಿಕೊಳ್ಳಲು ಹುಡುಗನೊಬ್ಬನನ್ನು ಉಡಿಯಲ್ಲಿ ಹಾಕಿಸಿಕೊಂಡ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ನಮ್ಮ ಭಾಗದ ಇತಿಹಾಸದಲ್ಲಿ ದತ್ತಕಕ್ಕೆ ಎಂಥ ಜಾಗ ಇದೆ ಎಂದು ನಿಮಗೂ ಗೊತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ, ಚೆನ್ನಮ್ಮ ಯುದ್ಧಕ್ಕೆ ನಿಂತಳು. ನಿಮ್ಮ ಪಕ್ಕದ ನರಗುಂದದ ಬಾಬಾಸಾಹೇಬರಿಗೂ ದತ್ತಕಕ್ಕೆ ಅನುಮತಿ ಸಿಗಲಿಲ್ಲ, 1858ರ ಬಂಡಾಯಕ್ಕೆ ಅದೂ ಒಂದು ಕಾರಣ. ದತ್ತಕದ ಹಕ್ಕಿಗಾಗಿ ಜೀವ ಕೊಟ್ಟ ನಾಡಿನಲ್ಲಿ ಕೂತು ದತ್ತಕ ಎಂದರೆ ನಾಚಿಕೆ ಎಂದುಕೊಳ್ಳುವುದು ನನಗೆ ನೋವು ತರುತ್ತದೆ.

ನೀವು ಈ ಮನೆತನದವರೇ ಎಂದು ಕೇಳಿದ್ದೀರಿ. ಹೌದು, ಪೂರ್ತಿಯಾಗಿ. ದತ್ತಕ ಹೋದ ಹುಡುಗ ಆ ಮನೆಯ ಮಗ. ಅವನಿಗೆ ಅಲ್ಲಿಯ ಹೆಸರು, ಅಲ್ಲಿಯ ಪಾಲು, ಅಲ್ಲಿಯ ಹಿರಿಯರ ಕಾರ್ಯ ಮಾಡುವ ಹಕ್ಕು ಎಲ್ಲ ಬಂತು. ಬಹಳ ಸಲ ಅಣ್ಣತಮ್ಮಕಿಯೊಳಗಿನ ಹುಡುಗನನ್ನೇ ತರುತ್ತಿದ್ದರು, ಕೆಲವೊಮ್ಮೆ ಮಗಳ ಮಗನನ್ನು. ಮೊದಲನೆಯದಾದರೆ ರಕ್ತದ ಲೆಕ್ಕದಲ್ಲೂ ನೀವು ಅದೇ ಮನೆತನ. ಎರಡನೆಯದಾದರೆ ಮನೆಯ ಮಗಳ ಕಡೆಯಿಂದ ಅದೇ ಮನೆತನ. ಬೇರೆ ಮನೆಯ ಹುಡುಗನೇ ಆಗಿದ್ದರೂ ನಿಮಗೆ ಒಂದು ಮನೆತನದ ಬದಲು ಎರಡು ಸಿಕ್ಕವು. ಒಂದು ವ್ಯಾವಹಾರಿಕ ಮಾತೂ ಇದೆ. ಹುಟ್ಟಿದ ಮನೆಯ ಕಡೆಯೂ ಮದುವೆ ಸಂಬಂಧ ಕೂಡದು ಎನ್ನುವ ನಡಾವಳಿಗೆ ಈ ಸಂಗತಿ ಬೇಕಾಗುತ್ತದೆ. ಮುಚ್ಚಿಟ್ಟರೆ ಮುಂದಿನವರಿಗೆ ಗೊತ್ತಾಗುವುದು ಹೇಗೆ?

ಹುಡುಕುವವರ ಕಣ್ಣಿನಿಂದ ನೋಡಿದರೆ ದತ್ತಕ ಒಂದು ವರ. ತಂದೆ ಸತ್ತು ಮಗ ಬಂದರೆ ಒಂದು ಸಾಲು ಬರೆದು ಮುಗಿಸುತ್ತಾರೆ. ದತ್ತಕ ಆದರೆ ಪತ್ರ ಆಗುತ್ತದೆ, ಸಾಕ್ಷಿಗಳು ಬರುತ್ತಾರೆ, ಹುಟ್ಟಿಸಿದ ಅಪ್ಪನ ಹೆಸರು, ಊರು ಬರುತ್ತದೆ. ವತನದ ಮನೆ ಆದರೆ ವಾರಸುದಾರನ ಹೆಸರು ರಜಿಸ್ಟರಿಗೆ ಏರಬೇಕು, ದಾಯಾದಿಗಳು ತಕರಾರು ಹಾಕಿದರೆ ವಿಚಾರಣೆ, ಹೇಳಿಕೆ, ವಂಶಾವಳಿ. ನಿಮ್ಮ ಟ್ರಂಕಿನಲ್ಲಿ ಅತಿ ಜೋಪಾನವಾಗಿ ಕಟ್ಟಿಟ್ಟ ಕಾಗದ ಯಾವುದೋ ಇರುತ್ತದಲ್ಲ, ಅದು ದತ್ತಕಪತ್ರವೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಏಳನೆಯ ತಲೆಮಾರಿನಿಂದ ಮೇಲಕ್ಕೆ ಹೋಗುವ ಬಾಗಿಲು ಅದೇ ಆಗಿರಬಹುದು.

ಡಿಎನ್‌ಎ ಪರೀಕ್ಷೆ ಬಗ್ಗೆ ನೇರವಾಗಿ ಹೇಳುತ್ತೇನೆ, ಈಗ ಬೇಡ. ಅಪ್ಪನಿಂದ ಮಗನಿಗೆ ಬರುವ ವೈ ಕ್ರೋಮೋಸೋಮ್ ನೋಡಿ ಇಬ್ಬರು ಗಂಡಸರ ತಂದೆಯ ಕಡೆ ಒಂದೇ ಹೌದೋ ಅಲ್ಲವೋ ಎಂದು ಹೇಳಬಹುದು. ಹಂಪಿಯಿಂದ ಬಂದವರೇ, ಸೇನಾಪತಿಯ ವಂಶವೇ ಎಂದು ಯಾವ ಪರೀಕ್ಷೆಯೂ ಹೇಳಲಾರದು. ದತ್ತಕ ಅಣ್ಣತಮ್ಮಕಿಯೊಳಗೇ ಆಗಿದ್ದರೆ ಈ ಪರೀಕ್ಷೆಗೆ ಅದು ಕಾಣುವುದೂ ಇಲ್ಲ. ಬದಲಿಗೆ ಯಾರೂ ಕೇಳದ ಇನ್ನೊಂದು ಗುಟ್ಟು, ಬದುಕಿರುವವರ ಬಗ್ಗೆಯೇ ಹೊರಗೆ ಬರಬಹುದು. ಒಬ್ಬರು ಕೊಟ್ಟ ಎಂಜಲು ಇಡೀ ಮನೆತನದ ಮಾಹಿತಿ ಎನ್ನುವುದನ್ನು ಮರೆಯಬಾರದು. ಮುಂದೊಂದು ದಿನ ಕೃಷ್ಣೆಯ ಆಚೆಯ ಮನೆ ಸಿಕ್ಕು, ಎರಡೂ ಕಡೆಯವರು ಒಪ್ಪಿದರೆ ಆಗ ಯೋಚಿಸಿ.

ಇನ್ನೊಂದು ಅಪಾಯ ಹೇಳದಿದ್ದರೆ ತಪ್ಪಾಗುತ್ತದೆ. ನೀವು ಹಳೆಯ ಉತಾರ, ಡೈರಿ ತೆಗೆಸಲು ಶುರು ಮಾಡಿದ ಸುದ್ದಿ ವಾರದಲ್ಲಿ ಊರು ಮುಟ್ಟುತ್ತದೆ. ಬೆಂಗಳೂರಿನಿಂದ ಮಗಳು ಪಾಲು ಕೇಳಲು ಬಂದಿದ್ದಾಳೆ ಎಂದೇ ಎಲ್ಲರೂ ತಿಳಿಯುತ್ತಾರೆ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇರುವುದರಿಂದ ಈ ಅನುಮಾನ ಈಗ ಜಾಸ್ತಿ. ನಿಮ್ಮ ಹಕ್ಕಿನ ವಿಷಯ ಬೇರೆ, ಅದನ್ನು ಬಿಟ್ಟುಕೊಡಿ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಕೆಲಸ ಕೂಡಿಸಬೇಡಿ. ಮೊದಲೇ ದೊಡ್ಡಪ್ಪ, ಕಾಕಾಂದಿರನ್ನು ಕೂರಿಸಿಕೊಂಡು ಏಕೆ ಹುಡುಕುತ್ತಿದ್ದೀರಿ ಎಂದು ಹೇಳಿ, ತೆಗೆಸಿದ ಪ್ರತಿ ನಕಲಿನ ಒಂದು ಪ್ರತಿ ಅವರಿಗೂ ಕೊಡಿ. ಪುಸ್ತಕದಲ್ಲಿ ಬರೆದ ವಂಶವೃಕ್ಷವನ್ನು ನಾಳೆ ಯಾರಾದರೂ ಕೋರ್ಟಿಗೆ ಒಯ್ಯಬಹುದು ಎಂದು ಕಾಕಾನ ಮಗನಿಗೂ ತಿಳಿಸಿ. ಬದುಕಿರುವವರ ಜನ್ಮದಿನ, ವಿಳಾಸ ಅಚ್ಚಿನಲ್ಲಿ ಬೇಡ.

ಪುಸ್ತಕ ನಿಲ್ಲಿಸಬೇಕಿಲ್ಲ. ಅಜ್ಜ ಹೇಳಿದ ಕಥೆಯನ್ನು ಅಜ್ಜನ ಮಾತಿನಲ್ಲೇ, ಅಜ್ಜ ಹೇಳುತ್ತಿದ್ದದ್ದು ಎಂದೇ ಹಾಕಿ. ಅದರ ಮುಂದೆ ಕಾಗದದಲ್ಲಿ ಸಿಕ್ಕದ್ದನ್ನು, ಯಾವ ಕಾಗದ ಎಂದು ಹೇಳಿ ಹಾಕಿ. ಗೊತ್ತಿಲ್ಲದ ಜಾಗ ಖಾಲಿ ಬಿಡಿ. ಸೇನಾಪತಿಗೆ ಒಂದು ಕಾಗದವಾದರೂ ಸಿಗುವವರೆಗೆ ಅವನನ್ನು ಹೊರಗಿಡಿ ಎಂದು ಕಾಕಾನ ಮಗನಿಗೆ ಪ್ರೀತಿಯಿಂದಲೇ ಹೇಳಿ. ಅವನೂ ಮನೆತನದ ಮೇಲಿನ ಅಭಿಮಾನದಿಂದಲೇ ಇಷ್ಟೆಲ್ಲ ಓಡಾಡುತ್ತಿದ್ದಾನೆ ಅಲ್ವಾ. ಟ್ರಂಕಿನ ಫೋಟೊ ತೆಗೆಯುವ ಕೆಲಸಕ್ಕೆ ಅವನನ್ನೇ ಜೊತೆ ಕರೆದುಕೊಂಡು ಹೋಗಿ.

ಆದರೆ ಟ್ರಂಕು, ರೆಕಾರ್ಡ್ ರೂಮು, ಪುಣೆ ಎಲ್ಲ ಇನ್ನೊಂದು ವರ್ಷ ಕಾಯುತ್ತವೆ. ಅತ್ತೆಗೆ ಈಗ ಎಷ್ಟು ವಯಸ್ಸು ಎಂದು ನೀವು ಬರೆದಿಲ್ಲ. ಈ ತಿಂಗಳೇ ಅವರ ಹತ್ತಿರ ಎರಡು ದಿನ ಇದ್ದು ಬನ್ನಿ. ಮನೆಯ ಗಂಡಸರಿಲ್ಲದ ಹೊತ್ತು ನೋಡಿ ಕೂತು, ಫೋನು ಪಕ್ಕದಲ್ಲಿಟ್ಟು ಕೇಳಿ: ಆ ಹುಡುಗನನ್ನು ಯಾವ ಊರಿನಿಂದ ತಂದರು, ಯಾರ ಉಡಿಯಲ್ಲಿ ಹಾಕಿದರು, ಈ ಮಾತು ನಿಮಗೆ ಹೇಳಿದವರು ಯಾರು?